ಮತದಾನವೋ, ನಿಕ್ಷೇಪವೋ?

ನಮ್ಮ ಭಾಷೆಯಲ್ಲಿ ದಾನವೆಂಬ ಮಾತಿಗೆ ಬಹು ಗೌರವವುಂಟು. ಗೋದಾನ, ಭೂದಾನ, ವಿದ್ಯಾದಾನ, ಕನ್ಯಾದಾನ ಎಂಬ ಹಳೆಯ ಪಂಕ್ತಿಯಲ್ಲಿ ಮತದಾನವೆಂಬ ಹೊಸ ಮಾತೊಂದು ಬಂದು ಕುಳಿತಿರುವುದು. ಅದಕ್ಕೆ ಆ ಪಂಕ್ತಿಯಲ್ಲಿ ಕೂಡುವ ಅರ್ಹತೆಯುಂಟೆ ಎಂದು ವಿಚಾರಿಸಿದವರು ವಿರಳ. ದಾನವೆಂದರೆ ತನ್ನ ಒಡೆತನವನ್ನು ಬಿಟ್ಟು ಪರರ ಒಡೆತನವನ್ನು ಉಂಟುಮಾಡುವುದು ಎಂದು ಶಾಸ್ತ್ರಜ್ಞರು ಹೇಳುವರು. ಧಾರೆಯೆರೆದ ಮೇಲೆ ಆ ಹಸು ನಮ್ಮದಲ್ಲ, ಆ ಹೊಲ ನಮ್ಮದಲ್ಲ. ಪಡೆದವನು ಅದನ್ನು ಸಾಕಿದನೆ, ಮಾರಿದನೆ ಎಂದು ಕೇಳುವ ಅಧಿಕಾರವೂ ನಮಗೆ ಉಳಿಯದು. ಮತವೂ ಹೀಗೆ ಕೊಟ್ಟು ಕೈತೊಳೆದುಕೊಳ್ಳುವ ವಸ್ತುವಾದರೆ, ಅದನ್ನು ಪಡೆದವನ ನಡತೆಯನ್ನು ಪ್ರಶ್ನಿಸುವ ನಾವೆಲ್ಲರೂ ಅಧಿಕಪ್ರಸಂಗಿಗಳೇ ಆಗಬೇಕಾಗುವುದು. ಹಾಗಲ್ಲವೆಂಬುದನ್ನು ನಮಗೆ ಮನಗಾಣಿಸಿದುದು ಆಸ್ಟ್ರೇಲಿಯಾ ದೇಶದ ಒಂದು ಪಾರ್ಲಿಮೆಂಟು ಕ್ಷೇತ್ರ. ಅದರ ಸಂಗತಿಯನ್ನು ವಾಚಕರ ಮುಂದಿಡಲು ಇಲ್ಲಿ ಯತ್ನಿಸುವೆವು.

ನಾವು ಮೈಸೂರು ಸೀಮೆಯ ಹೈಸ್ಕೂಲೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕೆಲವು ವರ್ಷ ಪಾಠ ಹೇಳಿ, ೨೦೦೩ರಲ್ಲಿ ಸಂಸಾರಸಮೇತರಾಗಿ ಸಿಡ್ನಿ ನಗರಕ್ಕೆ ಬಂದವರು. ನಮ್ಮ ಗೃಹಿಣಿಗೆ ಇಲ್ಲಿ ದಾದಿಯ ಕೆಲಸ ದೊರೆತುದೇ ಆ ಪ್ರಯಾಣಕ್ಕೆ ಕಾರಣ. ನಾವೂ ಇಲ್ಲಿಯ ಶಾಲೆಗಳಲ್ಲಿ ದುಡಿದು ಈಗ ನಿವೃತ್ತರಾಗಿರುವೆವು. ನಮ್ಮ ಮನೆಯಿರುವುದು ರೈಡ್ ಎಂಬ ಭಾಗದಲ್ಲಿ. ಅದು ಬೆನೆಲಾಂಗ್ ಎಂಬ ಕ್ಷೇತ್ರಕ್ಕೆ ಸೇರಿದುದು. ಭಾರತವು ಇಬ್ಬಗೆಯ ಪೌರತ್ವವನ್ನು ಒಪ್ಪದುದರಿಂದ, ೨೦೦೬ರಲ್ಲಿ ಇಲ್ಲಿಯ ಪೌರರಾಗುವಾಗ ಅಲ್ಲಿಯ ಮತವನ್ನು ನಾವು ಬಿಟ್ಟುಕೊಡಬೇಕಾಯಿತು. ಒಂದನ್ನು ಕಳೆದುಕೊಂಡು ಮತ್ತೊಂದನ್ನು ಪಡೆದವರಿಗೆ ಆ ವಸ್ತುವಿನ ಬೆಲೆ ಹೆಚ್ಚಾಗಿ ತೋರುವುದು ಸಹಜವಷ್ಟೆ.

ಬೆನೆಲಾಂಗ್ ಎಂಬುದು ಒಬ್ಬ ಮನುಷ್ಯನ ಹೆಸರು. ಇಂಗ್ಲಿಷರು ೧೭೮೮ರಲ್ಲಿ ಬಂದು ಸಿಡ್ನಿಯಲ್ಲಿ ಬೀಡುಬಿಟ್ಟಾಗ ಇಲ್ಲಿಯ ನದೀತೀರದಲ್ಲಿ ಬಾಳುತ್ತಿದ್ದ ವಾಂಗಲ್ ಕುಲದವನು ಆತ. ೧೭೮೯ರಲ್ಲಿ ಗವರ್ನರ್ ಫಿಲಿಪ್ಪನ ಆಜ್ಞೆಯಂತೆ ಅವನನ್ನು ಸೆರೆಹಿಡಿದರು. ಆತನು ಅವರ ಭಾಷೆಯನ್ನು ಕಲಿತು, ಇಂಗ್ಲೆಂಡಿಗೂ ಹೋಗಿ ಬಂದು, ೧೮೧೩ರಲ್ಲಿ ತೀರಿಕೊಂಡನು. ರೈಡಿಗೆ ಸೇರಿದ ಪಟ್ನಿ ಎಂಬ ಎಡೆಯಲ್ಲಿದ್ದ ಹಣ್ಣಿನ ತೋಟವೊಂದರಲ್ಲಿ ಅವನನ್ನು ಹೂಳಿದರು. ೧೯೪೯ರಲ್ಲಿ ಈ ಕ್ಷೇತ್ರವನ್ನು ರಚಿಸಿ ಅದಕ್ಕೆ ಅವನ ಹೆಸರನ್ನಿಟ್ಟರು. ಆದರೆ ಈ ದೇಶದ ಮೂಲನಿವಾಸಿಗಳೆಲ್ಲರಿಗೂ ಪಾರ್ಲಿಮೆಂಟು ಚುನಾವಣೆಯಲ್ಲಿ ಮತದ ಹಕ್ಕು ದೊರೆತುದು ೧೯೬೨ರಲ್ಲಿ. ಹೆಸರಿಗೆ ಮೊದಲೇ ಸಂದ ಮನ್ನಣೆ ಮನುಷ್ಯರಿಗೆ ಸಲ್ಲಲು ಇಷ್ಟು ಕಾಲ ಹಿಡಿಯಿತು.

ನಮ್ಮವರ ಮತಕ್ಕೂ ಇಲ್ಲಿ ಒಂದು ಕಥೆಯುಂಟು. ೧೯೦೨ರ ಕಾನೂನು ಹೆಂಗಸರಿಗೆ ಮತವನ್ನು ಕೊಟ್ಟು ಜಗತ್ತಿನ ಬಹುಪಾಲು ದೇಶಗಳಿಗೆ ಮೇಲ್ಪಂಕ್ತಿಯಾಯಿತು. ಅದೇ ಕಾನೂನು ಏಷ್ಯಾ ಖಂಡದಲ್ಲಿ ಹುಟ್ಟಿದವರನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟಿತು. ೧೯೨೨ರಲ್ಲಿ ಮಾನ್ಯ ಶ್ರೀನಿವಾಸ ಶಾಸ್ತ್ರಿಗಳು ಈ ದೇಶದಲ್ಲಿ ಸಂಚರಿಸಿ, ಇಲ್ಲಿ ನೆಲಸಿದ ಭಾರತೀಯರಿಗೆ ಮತವನ್ನು ಕೊಡುವುದು ನ್ಯಾಯವೆಂದು ಸಭೆ ಸಭೆಗಳಲ್ಲಿ ಪ್ರತಿಪಾದಿಸಿದರು. ಅವರೂ ಒಂದು ಕಾಲದಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದವರು. ೧೯೨೫ರಲ್ಲಿ ಕಾನೂನು ತಿದ್ದುಪಡಿಯಾಗಿ, ಬ್ರಿಟಿಷ್ ಇಂಡಿಯಾದಿಂದ ಬಂದು ನೆಲಸಿದವರಿಗೆ ಮತವು ದೊರೆಯಿತು. ಆದುದರಿಂದ ನಾವು ಮತಗಟ್ಟೆಗೆ ಹೋಗುವುದು ಯಾರೋ ಮಾಡಿದ ಉಪಕಾರದಿಂದಲ್ಲ. ಒಬ್ಬ ಉಪಾಧ್ಯಾಯರು ವಾದಿಸಿ ಊರ್ಜಿತಗೊಳಿಸಿದ ನ್ಯಾಯದಿಂದ ಎಂದು ತಿಳಿದುಕೊಂಡಿರುವೆವು.

ಇಲ್ಲಿಯ ಚುನಾವಣೆಯ ಕ್ರಮವು ನಮ್ಮ ಕಡೆಯವರಿಗೆ ವಿನೋದವಾಗಿ ತೋರಬಹುದು. ಚುನಾವಣೆ ನಡೆಯುವುದು ಶನಿವಾರ. ಮತಗಟ್ಟೆಯೆಂದರೆ ಸಾಮಾನ್ಯವಾಗಿ ಮಕ್ಕಳ ಶಾಲೆ. ಅಂಗಳದಲ್ಲಿ ಪೋಷಕರು ಬೆಂಕಿಯ ಮೇಲೆ ಸಾಸೇಜು ಸುಟ್ಟು ರೊಟ್ಟಿಯಲ್ಲಿಟ್ಟು ಮಾರಿ, ಬಂದ ಹಣವನ್ನು ಶಾಲೆಗೆ ಕೊಡುವರು. ಸಸ್ಯಾಹಾರಿಗಳಾದ ನಾವು ಪಕ್ಕದ ಮೇಜಿನಲ್ಲಿಟ್ಟ ಕೇಕನ್ನು ಕೊಂಡು ಆ ಯಜ್ಞದಲ್ಲಿ ಭಾಗಿಗಳಾಗುವುದುಂಟು. ಒಳಗೆ ಹೋದರೆ ಗುಮಾಸ್ತರು ಕೇಳುವುದು ಮೂರೇ ಪ್ರಶ್ನೆ: ನಿಮ್ಮ ಪೂರ್ಣ ಹೆಸರೇನು, ವಿಳಾಸವೇನು, ಈ ಚುನಾವಣೆಯಲ್ಲಿ ಈ ಮೊದಲೇ ಮತ ಹಾಕಿರುವಿರಾ? ಗುರುತಿನ ಚೀಟಿಯನ್ನು ತೋರಿಸಬೇಕಾಗಿಲ್ಲ. ಬೆರಳಿಗೆ ಮಸಿಯೂ ಇಲ್ಲ. ಭಾರತದ ಕೋಟ್ಯಂತರ ಬೆರಳುಗಳಿಗೆ ೧೯೬೨ರಿಂದ ಮಸಿಯನ್ನು ಒದಗಿಸುತ್ತಿರುವ ಮೈಸೂರಿನ ಕಡೆಯವರಾದ ನಮಗೆ ಇದೊಂದು ಕೊರತೆಯಾಗಿ ತೋರಿತು. ಯಂತ್ರವಿಲ್ಲ, ರಟ್ಟಿನ ಮರೆಯಲ್ಲಿ ನಿಂತು, ಕೆಳಸದನದ ಹಸಿರು ಕಾಗದದ ಮೇಲೆ ಸೀಸದ ಕಡ್ಡಿಯಿಂದ ಬರೆದು, ಮಡಿಸಿ ಪೆಟ್ಟಿಗೆಗೆ ಹಾಕುವುದು. ಮೇಲ್ಸದನಕ್ಕೆ ಬೇರೆ ಬಿಳಿಯ ಕಾಗದವುಂಟು.

ಮತ ಹಾಕದೆ ಮನೆಯಲ್ಲಿಯೇ ಕುಳಿತಿರುವಂತಿಲ್ಲ. ತಕ್ಕ ಕಾರಣವಿಲ್ಲದೆ ತಪ್ಪಿಸಿಕೊಂಡವರಿಗೆ ೨೦ ಡಾಲರು ದಂಡ. ೧೯೨೨ರ ಚುನಾವಣೆಯಲ್ಲಿ ನೂರಕ್ಕೆ ಅರವತ್ತು ಮಂದಿಯೂ ಬರಲಿಲ್ಲವಾಗಿ, ೧೯೨೪ರಲ್ಲಿ ಮತವನ್ನು ಕಡ್ಡಾಯ ಮಾಡಿದರು. ೧೯೨೫ರಲ್ಲಿ ನೂರಕ್ಕೆ ೯೧ಕ್ಕೂ ಮೇಲ್ಪಟ್ಟು ಬಂದರು. ಸ್ವಾತಂತ್ರ್ಯವುಳ್ಳ ದೇಶದಲ್ಲಿ ಈ ಬಲಾತ್ಕಾರವೇಕೆಂದು ಆಕ್ಷೇಪಿಸುವವರುಂಟು. ನಮಗೆ ಅದು ಬಲಾತ್ಕಾರವಾಗಿ ಕಾಣುವುದಿಲ್ಲ. ಎಲ್ಲರೂ ಬಂದೇ ಬರುವರೆಂದು ಗೊತ್ತಿರುವಲ್ಲಿ, ತನ್ನವರನ್ನು ಗಾಡಿಯಲ್ಲಿ ತುಂಬಿ ತರುವ ಶ್ರಮವೂ ಎದುರಾಳಿಯವರನ್ನು ಮನೆಯಲ್ಲಿ ಉಳಿಸುವ ಕುಯುಕ್ತಿಯೂ ನಿಷ್ಪ್ರಯೋಜನ. ಬಡವನೂ ಮುದುಕಿಯೂ ಎಣಿಕೆಗೆ ಬಾರದೆ ಹೋಗರು.

ಈಗ ಶಾಸ್ತ್ರಕ್ಕೆ ಬರುವೆವು. ನಮ್ಮ ಕಲ್ಯಾಣದ ಚಾಳುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರರು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಕೆಲವು ವಾಚಕರಾದರೂ ಕೇಳಿರಬಹುದು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಒಬ್ಬನು ಮತ್ತೊಬ್ಬನಲ್ಲಿ ನಂಬಿ ಇಟ್ಟ ವಸ್ತುವಿನ ವಿಚಾರವಿರುವುದು. ಪೆಟ್ಟಿಗೆಯೊಳಗಿಟ್ಟು, ಒಳಗೇನಿದೆಯೆಂದು ಹೇಳದೆ ಒಪ್ಪಿಸಿದ ವಸ್ತುವಿಗೆ ಉಪನಿಧಿಯೆಂದು ಹೆಸರು. ಅದನ್ನು ಇಟ್ಟಂತೆಯೇ ಹಿಂದಿರುಗಿಸತಕ್ಕದ್ದು. ಇಟ್ಟವನ ಸಮ್ಮತಿಯಿಲ್ಲದೆ ಅದನ್ನು ತನ್ನ ಲಾಭಕ್ಕೆ ಬಳಸಿದವನು ದಂಡಾರ್ಹನು. ವಸ್ತುವನ್ನು ವೃದ್ಧಿಸಹಿತವಾಗಿ ಕೊಡಲೂ ಬೇಕು. ಮಡಿಸಿದ ಹಸಿರು ಕಾಗದವನ್ನು ಪೆಟ್ಟಿಗೆಗೆ ಹಾಕುವಾಗಲೆಲ್ಲ ನಮಗೆ ನೆನಪಾಗುವುದು ಈ ಉಪನಿಧಿ. ಗುಪ್ತ ಮತವೆಂಬ ಏರ್ಪಾಡು ಈ ದೇಶದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ಪ್ರಾಂತಗಳಲ್ಲಿ ೧೮೫೬ರಲ್ಲಿಯೇ ಜಾರಿಗೆ ಬಂದಿತು. ಬಹುಕಾಲ ಅದನ್ನು ಹೊರದೇಶಗಳವರು ಆಸ್ಟ್ರೇಲಿಯಾದ ಮತಪದ್ಧತಿಯೆಂದೇ ಕರೆಯುತ್ತಿದ್ದರು.

ಇನ್ನೊಂದು ವಿಶೇಷವುಂಟು. ಈ ಕಾಗದದ ಮೇಲೆ ಒಬ್ಬನಿಗೆ ಗುರುತು ಹಾಕಿ ಬಂದರೆ ಸಾಲದು. ನಿಂತವರು ಎಂಟು ಮಂದಿಯಾದರೆ ಎಂಟು ಚೌಕಗಳಲ್ಲಿಯೂ ೧ರಿಂದ ೮ರವರೆಗೆ ಅಂಕೆಗಳನ್ನು ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ, ಎಲ್ಲರಿಗಿಂತ ಕಡಮೆ ಬಂದವನನ್ನು ತೆಗೆದು, ಅವನ ಕಾಗದಗಳನ್ನು ಅವುಗಳಲ್ಲಿ ೨ ಎಂದು ಬರೆದವರಿಗೆ ಹಂಚುವರು. ಹೀಗೆಯೇ ಒಬ್ಬನಿಗೆ ಬಹುಮತ ಬರುವವರೆಗೆ ಎಣಿಕೆ ಸಾಗುವುದು. ನಮ್ಮಲ್ಲಿಯೂ ವಿಧಾನಪರಿಷತ್ತಿನ ಶಿಕ್ಷಕರ ಕ್ಷೇತ್ರ, ಪದವೀಧರರ ಕ್ಷೇತ್ರಗಳಲ್ಲಿ ಇಂತಹ ಪ್ರಾಶಸ್ತ್ಯದ ಮತವಿರುವುದನ್ನು ವಾಚಕರು ಬಲ್ಲರು. ಇಲ್ಲಿ ಅದು ೧೯೧೮ರಿಂದ ಸರ್ವಸಾಮಾನ್ಯರಿಗೂ ಅನ್ವಯಿಸುವುದು, ಒಂದು ಚೌಕವನ್ನೂ ಬಿಡುವಂತಿಲ್ಲ. ಇಟ್ಟುಕೊಂಡವನು ತನ್ನಲ್ಲಿರಿಸಿಕೊಳ್ಳಲಾರದೆ ಮತ್ತೊಬ್ಬನ ಕೈಗೆ ಒಪ್ಪಿಸಿದ ವಸ್ತುವಿಗೆ ಶಾಸ್ತ್ರದಲ್ಲಿ ಅನ್ವಾಹಿತವೆಂಬ ಹೆಸರುಂಟು. ನಮ್ಮ ಮತವೂ ಹಾಗೆ ಕೈಯಿಂದ ಕೈಗೆ ಹೋಗುವುದು. ಆದರೆ ಯಾರ ಕೈಗೆಂಬುದನ್ನು ಮೊದಲೇ ಬರೆದಿಡುವವರು ನಾವು. ಪ್ರಿಯನಾದವನಿಗೆ ೧ ಎಂದು ಬರೆಯುವುದು ಸುಲಭ. ೪ ಯಾರಿಗೆ, ೫ ಯಾರಿಗೆ ಎಂದು ನಿರ್ಣಯಿಸುವಲ್ಲಿ ಬುದ್ಧಿಗೆ ನಿಜವಾದ ಕೆಲಸವು ಬೀಳುವುದು. ಒಲ್ಲದವರಲ್ಲಿಯೂ ತಾರತಮ್ಯವನ್ನು ಕಾಣುವ ಅಭ್ಯಾಸವು ದ್ವೇಷವನ್ನು ಸ್ವಲ್ಪಮಟ್ಟಿಗೆ ತಗ್ಗಿಸುವುದೆಂದು ನಮ್ಮ ನಂಬುಗೆ.

ಈ ಪದ್ಧತಿಯ ಪ್ರಭಾವವನ್ನು ನಾವು ಮೊಟ್ಟಮೊದಲು ಮತ ಹಾಕಿದ ೨೦೦೭ರ ನವೆಂಬರ್ ೨೪ರಂದೇ ಕಂಡೆವು. ಆಗ ಬೆನೆಲಾಂಗಿನ ಪ್ರತಿನಿಧಿಗಳಾಗಿದ್ದವರು ಜಾನ್ ಹೊವಾರ್ಡ್. ೧೯೭೪ರಿಂದ ೩೩ ವರ್ಷ ಈ ಕ್ಷೇತ್ರವು ಅವರದಾಗಿದ್ದಿತು. ೧೯೯೬ರಿಂದ ಅವರು ದೇಶದ ಪ್ರಧಾನಮಂತ್ರಿಗಳಾಗಿದ್ದರು. ಅವರೆದುರಿಗೆ ಲೇಬರ್ ಪಕ್ಷದಿಂದ ನಿಂತವರು ದೂರದರ್ಶನದ ಪತ್ರಕರ್ತೆಯಾಗಿದ್ದ ಮ್ಯಾಕ್ಸಿನ್ ಮೆಕ್ಯೂ. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಹೊವಾರ್ಡರೇ ಕೂದಲೆಳೆಯಷ್ಟು ಮುಂದಿದ್ದರು. ಆದರೆ ಅರ್ಧವನ್ನು ಮುಟ್ಟಲಿಲ್ಲ. ಉಳಿದವರ ಕಾಗದಗಳನ್ನು ಹಂಚುತ್ತ ಹೋದಂತೆ, ಕೊನೆಗೆ ನೂರಕ್ಕೆ ೫೧ಕ್ಕಿಂತ ತುಸು ಮೇಲಾಗಿ ಮೆಕ್ಯೂ ಅವರು ಗೆದ್ದರು. ಪ್ರಧಾನಮಂತ್ರಿಯೊಬ್ಬರು ಸ್ವಂತ ಕ್ಷೇತ್ರದಲ್ಲಿಯೇ ಸೋತುದು ಅದಕ್ಕೆ ಮೊದಲು ಒಂದೇ ಬಾರಿ. ೧೯೨೯ರಲ್ಲಿ ಸ್ಟ್ಯಾನ್ಲಿ ಬ್ರೂಸ್ ಎಂಬವರು. ನಮ್ಮ ಕಡೆ ರಾಜರು ರಾಜ್ಯವನ್ನು ಕಳೆದುಕೊಂಡ ಕಥೆಗಳಲ್ಲಿ ಯುದ್ಧಗಳಿರುವುವು. ಇಲ್ಲಿ ನಡೆದುದು ಶಾಲೆಯ ಕೊಠಡಿಯಲ್ಲಿ, ಸೀಸದ ಕಡ್ಡಿಯಿಂದ.

ಜಯಿಸಿದವರಿಗಾದರೂ ಅದು ದಾನವಾಯಿತೆ? ಇಲ್ಲ. ಮೂರು ವರ್ಷಗಳೊಳಗಾಗಿ, ೨೦೧೦ರಲ್ಲಿ, ಅದೇ ಜನರು ಮೆಕ್ಯೂ ಅವರಿಂದ ಸ್ಥಾನವನ್ನು ಹಿಂದೆ ಪಡೆದು ಟೆನಿಸ್ ಆಟಗಾರರಾಗಿದ್ದ ಜಾನ್ ಅಲೆಗ್ಸಾಂಡರರಲ್ಲಿ ಇಟ್ಟರು. ಪರದೇಶದ ಪೌರತ್ವವುಳ್ಳವರು ಪಾರ್ಲಿಮೆಂಟಿನಲ್ಲಿ ಕೂಡಬಾರದೆಂದು ಇಲ್ಲಿಯ ರಾಜ್ಯಾಂಗದ ೪೪ನೆಯ ವಿಧಿಯಲ್ಲಿರುವುದು. ತಂದೆಯು ಬ್ರಿಟನ್ನಿನಲ್ಲಿ ಹುಟ್ಟಿದವರಾದುದರಿಂದ ತಮಗೆ ಬ್ರಿಟಿಷ್ ಪೌರತ್ವವು ಅಂಟಿಕೊಂಡಿರಬಹುದೆಂದು ಅಲೆಗ್ಸಾಂಡರರು ೨೦೧೭ರಲ್ಲಿ ರಾಜೀನಾಮೆ ಕೊಟ್ಟು, ಅದನ್ನು ತೊರೆದು, ಡಿಸೆಂಬರ್ ೧೬ರ ಉಪಚುನಾವಣೆಯಲ್ಲಿ ಮತ್ತೆ ನಿಂತು ಗೆದ್ದರು. ಅವರು ನಿವೃತ್ತರಾದ ಮೇಲೆ, ೨೦೨೨ರಲ್ಲಿ, ರೈಡ್ ಪುರಸಭೆಯ ಮೇಯರರಾಗಿದ್ದ ಲೇಬರ್ ಪಕ್ಷದ ಜೆರೋಮ್ ಲಕ್ಸಾಲ್ ಅವರು ನೂರಕ್ಕೆ ೫೧ರ ಆಸುಪಾಸಿನಲ್ಲಿ ಗೆದ್ದರು. ಬಳಿಕ ಪಕ್ಕದ ನಾರ್ತ್ ಸಿಡ್ನಿ ಕ್ಷೇತ್ರವು ರದ್ದಾಗಿ, ಲೇನ್ ಕೋವ್, ಹಂಟರ್ಸ್ ಹಿಲ್ ಮೊದಲಾದ ಭಾಗಗಳು ನಮ್ಮ ಕ್ಷೇತ್ರಕ್ಕೆ ಸೇರಿದುವು. ಈ ಎಲ್ಲೆಕಟ್ಟುಗಳನ್ನು ಬದಲಾಯಿಸುವುದು ಮಂತ್ರಿಗಳ ಕೈಯಲ್ಲಿಲ್ಲ. ಪಕ್ಷಾತೀತವಾದ ಸಮಿತಿಯ ಕೈಯಲ್ಲಿರುವುದು. ಹೊಸ ಎಲ್ಲೆಯ ಲೆಕ್ಕದಂತೆ ಕ್ಷೇತ್ರವು ಕೂದಲೆಳೆಯಷ್ಟು ಲಿಬರಲ್ ಪಕ್ಷದ ಕಡೆಗೆ ವಾಲಿದ್ದಿತು. ಆದರೂ ೨೦೨೫ರ ಮೇ ೩ರಂದು ಲಕ್ಸಾಲರೇ ನೂರಕ್ಕೆ ಸುಮಾರು ೫೯ರಷ್ಟು ಮತಗಳಿಂದ ಗೆದ್ದರು. ಇಷ್ಟನ್ನು ನೋಡಿದ ಮೇಲೆ, ಈ ಕ್ಷೇತ್ರವು ಒಂದು ಪಕ್ಷದ ಜಹಗೀರೆಂದು ಹೇಳುವ ಧೈರ್ಯವು ಯಾರಿಗುಂಟು? ಇಟ್ಟವರು ಬಂದು ಕೇಳಿದಾಗ ಹಿಂದೆ ಕೊಡಬೇಕಾಯಿತು. ಪ್ರಧಾನಮಂತ್ರಿಗಳಾದರೂ ಅಷ್ಟೆ, ಪತ್ರಕರ್ತೆಯಾದರೂ ಅಷ್ಟೆ.

ಇಷ್ಟರವರೆಗಿನದು ಸಂತೋಷದ ಮಾತು. ನಮ್ಮ ಮನಸ್ಸನ್ನು ನೋಯಿಸಿದ ಮಾತೊಂದನ್ನು ಹೇಳದಿದ್ದರೆ ಲೇಖನವು ಅರ್ಧವಾಗುವುದು. ೨೦೨೫ರ ಸೆಪ್ಟೆಂಬರಿನಲ್ಲಿ ಆಗಿನ ವಿರೋಧಪಕ್ಷದ ಸೆನೆಟರೊಬ್ಬರು, ಭಾರತದಿಂದ ಬರುವ ವಲಸೆಗಾರರು ಲೇಬರ್ ಪಕ್ಷಕ್ಕೇ ಮತ ಹಾಕುವರಾದುದರಿಂದ ಆ ಸರಕಾರವು ಅವರಿಗೆ ಒಲವು ತೋರುತ್ತಿದೆಯೆಂಬ ಅರ್ಥ ಬರುವಂತೆ ಮಾತನಾಡಿದರು. ಅದು ದೊಡ್ಡ ಗದ್ದಲಕ್ಕೆ ಕಾರಣವಾಯಿತು. ಕೆಲವೇ ದಿನಗಳಲ್ಲಿ ಅವರು ಪಕ್ಷದ ಮುಂಚೂಣಿಯ ಸ್ಥಾನವನ್ನು ಕಳೆದುಕೊಂಡರು. ಅವರ ಪಕ್ಷದ ಆಗಿನ ನಾಯಕಿಯು ಭಾರತೀಯ ಮೂಲದವರ ಕ್ಷಮೆಯನ್ನು ಕೇಳಿದರು. ಬಂದವರು ಕನಿಷ್ಠ ನಾಲ್ಕು ವರ್ಷ ಇಲ್ಲಿ ನೆಲಸಿ ಪೌರತ್ವವನ್ನು ಪಡೆದ ಮೇಲಲ್ಲದೆ ಮತವಿಲ್ಲವೆಂಬುದನ್ನು ಬಲ್ಲವರಿಗೆ ಆ ಮಾತಿನ ಹುರುಳೆಷ್ಟೆಂದು ತಿಳಿಯುವುದು. ಆದರೆ ಗದ್ದಲವಡಗಿದರೂ ಮಾತಿನ ಮುಳ್ಳು ಒಳಗೆ ಉಳಿಯಿತು. ನಮ್ಮ ಮಗಳು ಬೆಳೆದುದು ಇಲ್ಲಿಯೇ. ಆ ವಾರ ಅವಳು ಕೆಲಸದಿಂದ ಬಂದು, “ಅಪ್ಪಾ, ನಾನು ಯಾರಿಗೆ ಮತ ಹಾಕಿದೆನೆಂದು ನನ್ನ ಮುಖದ ಮೇಲೆ ಬರೆದಿರುವುದೆ?” ಎಂದು ಕೇಳಿದಳು. ಮುಖವನ್ನು ನೋಡಿ ಮತವನ್ನು ಹೇಳಬಹುದಾದರೆ ಆ ರಟ್ಟಿನ ಮರೆಯನ್ನು ಕಟ್ಟಿದುದೇಕೆ? ಉಪನಿಧಿಯ ಪೆಟ್ಟಿಗೆಯನ್ನು ತೆರೆಯದೆಯೇ ಒಳಗಿರುವುದು ಇದೇ ಎಂದು ಸಾರಿದಂತಾಯಿತು ಆ ಮಾತು.

ನ್ಯಾಯವಾಗಿ ಹೇಳುವುದಾದರೆ ತಪ್ಪು ಒಂದೇ ಕಡೆಯಲ್ಲಿಲ್ಲ. ಚುನಾವಣೆಯು ಹತ್ತಿರವಾದಂತೆ ಎಲ್ಲ ಪಕ್ಷಗಳವರೂ ನಮ್ಮ ಹಬ್ಬಗಳಿಗೆ ಬರುವರು. ಶಾಲು ಹೊದೆಯುವರು, ದೀಪ ಹಚ್ಚುವರು, ‘ನಮಸ್ತೆ’ ಎನ್ನುವರು. ಅದು ಸೌಜನ್ಯ, ನಾವೂ ಸೌಜನ್ಯದಿಂದ ಸ್ವಾಗತಿಸುವೆವು. ಆದರೆ ಅಂತಹ ಒಂದು ಸಂದರ್ಭದಲ್ಲಿ ಪಕ್ಷವೊಂದರ ಕಾರ್ಯಕರ್ತನು ನಮ್ಮ ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು, “ನಿಮ್ಮವರ ಮತಗಳು ಒಟ್ಟು ಎಷ್ಟಿರಬಹುದು?” ಎಂದು ಕೇಳಿದನು. ಅವರು ಸಂಕೋಚವಿಲ್ಲದೆ ಒಂದು ಸಂಖ್ಯೆಯನ್ನು ಹೇಳಿ, “ಅವೆಲ್ಲವೂ ನಿಮ್ಮವೇ ಎಂದು ತಿಳಿಯಿರಿ” ಎಂದರು. ಕೊಟ್ಟವರಾರು, ಕೊಡಿಸಿದವರಾರು! ನಮ್ಮ ಮತವನ್ನೂ ಸೇರಿಸಿ ಎಣಿಸಿದ ಆ ಸಂಖ್ಯೆಯನ್ನು ಕೇಳಿ ನಾವು ಸುಮ್ಮನಿರಲಾರದೆ, “ರಾಯರೇ, ಅದರಲ್ಲಿ ಮೂರನ್ನು ಕಡಮೆಮಾಡಿ ಹೇಳಿ, ನಮ್ಮ ಮನೆಯ ಕೀಲಿಕೈ ನಿಮ್ಮಲ್ಲಿಲ್ಲ” ಎಂದೆವು. ಅವರಿಗೆ ಸ್ವಲ್ಪ ಬೇಸರವಾಯಿತು. ಆದರೂ ಹೇಳದೆ ಇರುವುದು ಯೋಗ್ಯವಾಗಿರಲಿಲ್ಲ. ಯಾಕೆಂದರೆ, ಸೆನೆಟರು ಪರರಾಗಿ ನಿಂತು ಆಡಿದ ಮಾತನ್ನೇ ಈ ಹಿರಿಯರು ನಮ್ಮವರಾಗಿ ನಿಂತು ಆಡಿದರು. ಒಬ್ಬರು ನಮ್ಮ ಮತವನ್ನು ಗಂಟುಕಟ್ಟಿ ದೂರಿದರು. ಇನ್ನೊಬ್ಬರು ಗಂಟುಕಟ್ಟಿ ಮಾರಿದರು. ಗಂಟುಕಟ್ಟುವ ಕೆಲಸವು ಇಬ್ಬರದೂ ಒಂದೇ.

ನಮ್ಮ ಮನೆಯಲ್ಲಿ ಮೂರು ಮತಗಳುಂಟು. ಅವು ಎಲ್ಲಿ ಬೀಳುವುವೆಂದು ನಮಗೇ ತಿಳಿಯದು. ಗೃಹಿಣಿಯನ್ನು ಒಮ್ಮೆ ಕುತೂಹಲದಿಂದ ಕೇಳಿದುದಕ್ಕೆ, “ಮಡಿಸಿ ಹಾಕಿದುದನ್ನು ಮನೆಗೆ ಬಂದು ಬಿಚ್ಚಿಡುವುದುಂಟೆ? ನಿಮಗೇಕೆ ಅದು?” ಎಂದು ಉತ್ತರ ಬಂದಿತು. ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ಆಕೆಗೆ ದಾದಿಯರ ಸಂಖ್ಯೆ ಮುಖ್ಯ. ಮಗಳಿಗೆ ಬಾಡಿಗೆಯೂ ಮನೆಯ ಬೆಲೆಯೂ ಮುಖ್ಯ. ನಮಗೆ ಶಾಲೆಗಳು ಮುಖ್ಯ. ಒಂದೇ ಒಲೆಯ ಅನ್ನವನ್ನುಣ್ಣುವ ಮೂವರಲ್ಲಿ ಇಷ್ಟು ಭೇದವಿರುವಾಗ, ಕಾವೇರಿಯ ತೀರದವರು, ಪಂಜಾಬಿನವರು, ಗುಜರಾತಿನವರು ಎಲ್ಲರೂ ಕೂಡಿ ಒಂದೇ ಅಂಕೆಯನ್ನು ಬರೆಯುವರೆಂದರೆ ನಂಬುವುದು ಹೇಗೆ? ಪಕ್ಕದ ಈಸ್ಟ್‌ವುಡ್ಡಿನಲ್ಲಿ ಬಹು ಮಂದಿ ಚೀನೀಯರೂ ಕೊರಿಯದವರೂ ಇರುವರು. ಅವರನ್ನು ಕುರಿತು ಮತ್ತಾರಾದರೂ ಇದೇ ಬಗೆಯ ಲೆಕ್ಕ ಹಾಕಿದಾಗ ನಾವೂ ಹೌದೆಂದು ತಲೆದೂಗದಿದ್ದರೆ ಮಾತ್ರ ನಮ್ಮ ನೋವಿಗೆ ಬೆಲೆಯುಂಟು.

ಕನ್ನಡನಾಡಿನ ಗೃಹಸ್ಥರಿಗೆ ಇದರಿಂದೇನು ಪ್ರಯೋಜನವೆಂದು ಕೇಳಬಹುದು. ಅಲ್ಲಿಯೂ ಚುನಾವಣೆಯ ಕಾಲದಲ್ಲಿ ಇಂತಹ ಜಾತಿಯ ಮತಗಳು ಇಷ್ಟು, ಇಂತಹ ಮಠದ ಮತಗಳು ಅಷ್ಟು ಎಂದು ಎಣಿಸುವವರು ಬೀದಿಬೀದಿಗೂ ಇರುವರು. ಆ ಎಣಿಕೆಯಲ್ಲಿ ತಮ್ಮನ್ನೂ ಸೇರಿಸಿರುವರೆಂದು ತಿಳಿದೂ ಸುಮ್ಮನಿರುವವರು ಅನೇಕರು. ಅಂತಹವರೊಡನೆ ಜಗಳವಾಡಬೇಕೆಂದು ನಾವು ಹೇಳುವುದಿಲ್ಲ. “ನಮ್ಮ ಮನೆಯದನ್ನು ಕಳೆದು ಹೇಳಿ” ಎಂದು ಮೆಲ್ಲಗೆ ಹೇಳಿದರೆ ಸಾಕು. ಮತ್ತು ಗೆದ್ದವರು ಊರಿಗೆ ಬಂದಾಗ ಹಾರ ಹಾಕುವವರ ಸಾಲಿನ ಹಿಂದೆ ನಿಂತಾದರೂ, ಇಟ್ಟ ಒಡವೆಯ ಕ್ಷೇಮವನ್ನು ವಿಚಾರಿಸುವವರಂತೆ, ಶಾಲೆಯ ಮಾಡು ಏನಾಯಿತು, ಊರ ಕೆರೆ ಏನಾಯಿತು ಎಂದು ಕೇಳುವುದು. ದಾನಮಾಡಿದವನು ಹೀಗೆ ಕೇಳಿದರೆ ಅದು ಕೃಪಣತನ. ನಿಕ್ಷೇಪವನ್ನಿಟ್ಟವನು ಕೇಳದಿದ್ದರೆ ಅದು ಅಜಾಗರೂಕತೆ.